ಆರನೇ ಎಲೆ

ಆ ಕಡಲಿನಲ್ಲಿ ಒಂದು ಮುಳುಗು ಹಾಕಿದರೆ ಬೇಡವಾದ ಒಂದು ನೆನಪು ಹೋಗುತ್ತಿತ್ತು. ಶೈಲಾ ಅದಕ್ಕೆಂದೇ ತನ್ನ ಇಬ್ಬರು ಮಕ್ಕಳ ರಜೆಯಲ್ಲಿ ಅಪ್ಪನನ್ನೂ ಅವ್ವನನ್ನೂ ಅಲ್ಲಿನ ರೆಸಾರ್ಟಿಗೆ ಕರೆಸಿಕೊಂಡಿದ್ದಳು.

ಬಿದಿರಿನ ಗುಡಿಸಲಿನಲ್ಲಿ ಅವ್ವ ನೀಲವ್ವ ಊಟಕ್ಕೆ ಆರು ಎಲೆ ಹಾಕಿದಳು. ಇದ್ದವರು ಐವರು. ಆರನೆಯದು ತೀರಿಹೋದ ಮಗ ಮಲ್ಲೇಶನಿಗೆ. ಹನ್ನೊಂದು ವರ್ಷದಿಂದ ತಪ್ಪದ ರೂಢಿ.

ಅಪ್ಪ ಗುರುಸಿದ್ದಪ್ಪ ತಲೆ ಒರೆಸಿಕೊಳ್ಳುತ್ತ ಕಡಲಿನಿಂದ ಬಂದ. ಮುಖ ಹಗುರಾಗಿತ್ತು.

“ಈ ಹೆಚ್ಚಿನ ಎಲಿ ಯಾರಿಗ?”

ನೀಲವ್ವನ ಕೈ ನಿಂತಿತು.

“ಉಂಡಮ್ಯಾಲೆ ನೀನೂ ಒಂದು ಮುಳುಗು ಹಾಕು, ಅವ್ವಾ,” ಎಂದಳು ಶೈಲಾ ಮೆಲ್ಲಗೆ.

“ಒಲ್ಲೆ. ನಾನೂ ಮುಳುಗಿದ್ರ ಮಲ್ಲೇಶಗ ಯಾರು ಬಡಸ್ತಾರ?” ನೀಲವ್ವ ಆರನೇ ಎಲೆಗೆ ಹೋಳಿಗೆ ಹಾಕಿ ತುಪ್ಪ ಬಿಟ್ಟಳು.

ಗುರುಸಿದ್ದಪ್ಪ ಬಾಗಿಲ ಕಡೆ ನೋಡಿದ.

“ಯಾರವ? ಲಗೂ ಬಾ ಅನ್ನು. ಹೋಳಿಗಿ ಆರಾಕತ್ತೈತಿ.”