ಗಾಜಿನ ಪೆಟ್ಟಿಗೆಯ ಮೇಲೊಂದು ರಜಾಯಿ

ಸರಸ್ವತಿಯವರ ದೇಹವಿದ್ದ ಫ್ರೀಜರ್ ಪೆಟ್ಟಿಗೆಯ ಮೇಲೆ ಅವರ ಗಂಡ ಅನಂತಪದ್ಮನಾಭರು ರಜಾಯಿ ಹೊದಿಸತೊಡಗಿದ್ದನ್ನು ಕಂಡು ನಡುಮನೆಯಲ್ಲಿದ್ದವರೆಲ್ಲ ದಂಗಾದರು. ಮುಖದ ಮೇಲೆ ಒಂದು ಗೇಣು ಗಾಜು, ಕಂಪ್ರೆಸರ್‌ನ ಬಿಸಿಗಾಳಿ ಹೊರಬರುವ ಜಾಗ, ಇಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ, ಮಗುವಿಗೆ ಹೊದಿಸುವಂತೆ ಅಂಚುಗಳನ್ನು ಸಿಕ್ಕಿಸುತ್ತಿದ್ದರು.

"ಭಾವ, ಏನ್ ಮಾಡ್ತಿದೀರಾ? ಅಕ್ಕನಿಗೆ ಇನ್ನೆಲ್ಲಿ ಚಳಿ?" ಸರಸ್ವತಿಯವರ ತಮ್ಮ ಬದರಿನಾಥ ತಡೆಯಲು ಬಂದ.

"ಚಳಿಗಲ್ಲ ಬದರಿ. ಹೊರಗೆ ಮೂವತ್ತಾರು ಡಿಗ್ರಿ, ಒಳಗೆ ಐದು. ಶಾಖ ಯಾವಾಗ್ಲೂ ಬಿಸಿ ಇರೋ ಕಡೆಯಿಂದ ತಣ್ಣಗಿರೋ ಕಡೆಗೆ ನುಗ್ಗತ್ತೆ. ಗಾಜು ಅಷ್ಟಾಗಿ ತಡೆಯಲ್ಲ, ಹತ್ತಿ ತಡೆಯತ್ತೆ. ಕಂಪ್ರೆಸರ್‌ಗೂ ಶ್ರಮ ಕಮ್ಮಿ."

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟವರು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದರು, ಅದು ಎಲ್ಲರಿಗೂ ಗೊತ್ತು. ಆದರೆ ಹೆಂಡತಿ ಹೋಗಿ ಆರು ಗಂಟೆ ಆಗಿಲ್ಲ, ಇವತ್ತೂ ಕರೆಂಟು ಉಳಿಸುವುದೇ? ಬೆಳಗಿನಿಂದ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ ಪುಣ್ಯಾತ್ಮ. ದೊಡ್ಡ ಮಗಳು ಪ್ರಕೃತಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಸಿಟ್ಟು ಬಂತು.

"ಅಪ್ಪ, ಪ್ಲೀಸ್. ತೆಗೀರಿ ಅದನ್ನ."

"ಸುರಭಿ ಬರೋವರೆಗೂ ಇರ್ಲಿ. ಅವಳು ಅಮ್ಮನ ಮುಖ ನೋಡ್ಬೇಕು." ಹುಬ್ಬಳ್ಳಿಯಿಂದ ಹೊರಟಿದ್ದ ಕಿರಿಮಗಳ ಕಾರು ಇನ್ನೂ ಚಿತ್ರದುರ್ಗವನ್ನೂ ಮುಟ್ಟಿರಲಿಲ್ಲ.

ಒಂದು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಜಯನಗರದ ಆ ಇಡೀ ರಸ್ತೆಗೇ ಇರಲಿಲ್ಲ. ಮನೆಯ ಯುಪಿಎಸ್‌ಗೆ ಪೆಟ್ಟಿಗೆಯನ್ನು ಎಳೆಯುವ ತ್ರಾಣವಿಲ್ಲ. ಬದರಿನಾಥ ಫೋನ್ ಹಿಡಿದು ಐಸ್‌ಗಾಗಿ ಪರದಾಡಿದ. ಅನಂತಪದ್ಮನಾಭರು ಒಳಗಿನಿಂದ ಇನ್ನೆರಡು ರಜಾಯಿ ತಂದು, ಈಗ ಮುಖದ ಭಾಗವನ್ನೂ ಮುಚ್ಚಿ, "ಯಾರೂ ಮುಟ್ಬೇಡಿ" ಎಂದು ಪಕ್ಕದಲ್ಲೇ ಕುಳಿತುಬಿಟ್ಟರು.

ಒಂದೂವರೆ ಗಂಟೆ ಕಳೆದು ಕರೆಂಟು ಬಂದಾಗ ಪೆಟ್ಟಿಗೆಯ ಕೆಂಪು ಅಂಕಿ ಎಂಟು ಎಂದು ತೋರಿಸಿತು. ಏರಿದ್ದು ಬರೀ ಮೂರು ಡಿಗ್ರಿ. ಬದರಿನಾಥ ಭಾವನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಭಾವ. ನೀವಿಲ್ದಿದ್ರೆ ಸುರಭಿಗೆ ಏನ್ ತೋರಿಸ್ಬೇಕಿತ್ತೋ."

ಐದೂವರೆಗೆ ಸುರಭಿಯ ಕಾರು ಗೇಟಿನ ಮುಂದೆ ನಿಂತಿತು. ಪ್ರಕೃತಿ ಅವಸರದಲ್ಲಿ ರಜಾಯಿಗಳನ್ನು ಎಳೆದು ತೆಗೆದವಳು ಹಾಗೇ ನಿಂತುಬಿಟ್ಟಳು. ಗಾಜಿನೊಳಗೆ, ಹೊಸ ಸೀರೆಯ ಅಂಚಿನ ಕೆಳಗೆ, ಅಮ್ಮನ ಪಾದಗಳಿಗೆ ನೀಲಿ ಉಣ್ಣೆಯ ಕಾಲುಚೀಲ. ಪ್ರತಿ ಡಿಸೆಂಬರಿನಲ್ಲಿ ಅಮ್ಮ ಹಾಕಿಕೊಂಡು ಮಲಗುತ್ತಿದ್ದದ್ದು. ಒಳಗಿನ ಕಾಲುಂಗುರದ ಉಬ್ಬು ಕೂಡ ಕಾಣುತ್ತಿತ್ತು.

"ಅಪ್ಪ! ಯಾರು ಹಾಕಿದ್ದು ಇದನ್ನ?"

"ನಾನೇ. ಬೆಳಿಗ್ಗೆ ಪೆಟ್ಟಿಗೆಯವನು ವೈರ್ ತರೋಕೆ ಕೆಳಗೆ ಹೋದಾಗ. ಪಾದ ತಣ್ಣಗಿದ್ರೆ ಅವಳಿಗೆ ನಿದ್ದೆ ಬರಲ್ವಲ್ಲ."

"ಕಾಲುಚೀಲ ತಾನಾಗೇ ಬಿಸಿ ಕೊಡಲ್ಲ, ಮೈಯಲ್ಲಿರೋ ಬಿಸೀನ ಹಿಡಿದಿಡತ್ತೆ ಅಷ್ಟೇ ಅಂತ ನೀವೇ..." ಬಾಯಿಂದ ಮಾತು ಜಾರಿದ ಮೇಲೆ ಪ್ರಕೃತಿ ತುಟಿ ಕಚ್ಚಿಕೊಂಡಳು.

"ಹೌದು. ಹಾಕುವಾಗ ಇನ್ನೂ ಸ್ವಲ್ಪ ಬೆಚ್ಚಗಿತ್ತು ಕಣೇ. ಅದನ್ನೇ ಹಿಡಿದಿಡೋಣ ಅಂತ."

ಅನಂತಪದ್ಮನಾಭರು ಮುಚ್ಚಳ ಎತ್ತಿದರು. ಬಗ್ಗಿ, ಕಾಲುಚೀಲದೊಳಗೆ ಎರಡು ಬೆರಳು ತೂರಿಸಿದರು. ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡು ಮಗಳ ಮುಖ ನೋಡಿದರು.

"ಪ್ರಕೃತಿ, ಅಮ್ಮ ತಣ್ಣಗಾಗ್ಬಿಟ್ಟಿದಾಳೆ!"