ಏಕವಚನ

“ಕಾಲು ಮಡಚು.”

ಮಿಕ್ಕೊ ಮಡಚಿದ. ಮೊಣಕಾಲು ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ಮಡಚಿಕೊಂಡಿತು.

“ನೋವು?”

“ಇಲ್ಲ ಡಾಕ್ಟರ್. ನಿನ್ನೆ ಬಿದ್ದಾಗ ಸ್ವಲ್ಪ ಇತ್ತು, ಅಷ್ಟೆ.”

ತಂಡದ ವೈದ್ಯ ಸತ್ಯಪ್ರಕಾಶ ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಒತ್ತಿ ನೋಡಿ ಕೋಚ್ ಕಡೆ ತಿರುಗಿದ. “ಲಿಗಮೆಂಟ್ ಸಡಿಲವಾಗಿದೆ. ಇವತ್ತು ಇವನು ಐಸ್ ಮೇಲೆ ಕಾಲಿಡಬಾರದು.”

ಕೋಚ್ ಗೋಡೆಗೆ ಗುದ್ದಿದ. ಮಿಕ್ಕೊ ಮಾತ್ರ ತಕರಾರು ತೆಗೆಯಲಿಲ್ಲ. “ನೀವು ಹೇಳಿದ ಮೇಲೆ ಮುಗಿಯಿತು,” ಎಂದು ಸ್ಕೇಟ್ಸ್ ಬಿಚ್ಚತೊಡಗಿದ. ಆ ನಂಬಿಕೆಯೇ ಸತ್ಯಪ್ರಕಾಶನನ್ನು ಚುಚ್ಚಿತು. ಲಂಡನ್ನಿನಲ್ಲಿ ಮೂಳೆ ಕೂಡಿಸುತ್ತಲೇ ತಲೆ ನರೆತವನು ಅವನು. ರೋಗಿಯ ಮುಖ ನೋಡಿ ಸುಳ್ಳು ಹೇಳಿದ್ದು ಇದೇ ಮೊದಲು. ಹೆಸರಿನಲ್ಲೇ ಸತ್ಯ ಇಟ್ಟುಕೊಂಡು ಈ ಕೆಲಸ!

ಅದು 2001ರ ಐಸ್ ಹಾಕಿ ಲೀಗಿನ ಕಡೆಯ ಪಂದ್ಯ. ಈ ಆಟದಲ್ಲಿ ಗೋಲು ಹೊಡೆದವನಿಗೆ ಒಂದು ಅಂಕ, ಅದಕ್ಕೆ ಪಾಸ್ ಕೊಟ್ಟವನಿಗೂ ಒಂದು ಅಂಕ. ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ ಸಮಸಮ ನಿಂತವರು ಇದೇ ತಂಡದ ಇಬ್ಬರು: ಫಿನ್‌ಲೆಂಡಿನ ಮಿಕ್ಕೊ, ಕೆನಡಾದ ಟ್ರೆಂಟ್. ಒಬ್ಬನಿಗೊಬ್ಬ ಪಾಸ್ ಕೊಟ್ಟೇ ಮೇಲೆ ಬಂದ ಜೋಡಿ. ಇವತ್ತು ಮುಂದೆ ಹೋದವನನ್ನು ಜರ್ಮನಿಯ ದೊಡ್ಡ ಕ್ಲಬ್ಬೊಂದು ಕರೆದೊಯ್ಯಲು ಕಾದಿತ್ತು. ಹಿಂದೆ ಉಳಿದವನಿಗೆ ಲಂಡನ್ನೇ ಗತಿ.

ಸತ್ಯಪ್ರಕಾಶನಿಗೆ ಟ್ರೆಂಟ್ ಗೆಲ್ಲಬೇಕಿತ್ತು. ಗೆದ್ದು ತೊಲಗಬೇಕಿತ್ತು.

ಬೆಂಕಿ ಹಚ್ಚಿದವನು ಲಂಡನ್ನಿನದೇ ಕೊಲಿಂಡೇಲ್ ಬಡಾವಣೆಯ ಬಸವಂತಪ್ಪ, ಧಾರವಾಡದ ಹಳೆಯ ಗೆಳೆಯ. ಆಟಗಾರರಿಬ್ಬರೂ ಬಾಡಿಗೆಗಿದ್ದದ್ದು ಅವನ ಕಟ್ಟಡದಲ್ಲೇ. “ನಿಮ್ಮ ಸಂಹಿತಾನ್ನ ನಮ್ಮ ಲಿಫ್ಟಿನ್ಯಾಗ ನೋಡ್ದೆ. ಆ ಹಾಕಿ ಹುಡುಗನ ಕೈ ಹಿಡಕೊಂಡು ನಿಂತಿದ್ಲು,” ಎಂದಿದ್ದ.

“ಇಬ್ಬರೊಳಗ ಯಾವಂವ?”

“ಅದು ನನಗ ಹ್ಯಾಂಗ ಗೊತ್ತಾಗಬೇಕೋ? ಇಬ್ಬರೂ ಬೆಳ್ಳಗ, ಇಬ್ಬರೂ ಉದ್ದ. ಅಷ್ಟರೊಳಗ ಬಾಗಲಾ ಮುಚ್ಚಿತು.”

ಇರುವವಳು ಒಬ್ಬಳೇ ಮಗಳು. ಕ್ಲಬ್ಬಿನ ಟಿಕೆಟ್ ಕೌಂಟರಿನಲ್ಲಿ ಅವಳಿಗೆ ಕೆಲಸ ಕೊಡಿಸಿದವನು ತಾನೇ ಎಂದು ನೆನೆದಾಗಲೆಲ್ಲ ಸತ್ಯಪ್ರಕಾಶ ತನ್ನನ್ನೇ ಬೈದುಕೊಳ್ಳುತ್ತಿದ್ದ. ಆಟಗಾರನದು ಗಂಟುಮೂಟೆಯ ಬಾಳು. ಮೊದಲು ಹಲ್ಲು ಹೋಗುತ್ತದೆ, ಆಮೇಲೆ ಕೆಲಸ. ಮಗಳನ್ನು ನೇರ ಕೇಳಬಹುದಿತ್ತು. ಆದರೆ ಅವಳು ‘ಹೌದು’ ಎಂದುಬಿಟ್ಟರೆ? ಆಮೇಲೆ ತಂದೆಯಾದವನು ಏನಾದರೂ ಹೇಳಲೇಬೇಕಾಗುತ್ತದೆ. ಅದರ ಬದಲು ಆಟಗಾರರಿಬ್ಬರನ್ನೂ ಹ್ಯಾರೋದ ತನ್ನ ಮನೆಗೆ ಊಟಕ್ಕೆ ಕರೆದಿದ್ದ.

ಹೆಂಡತಿ ಎಣ್ಣೆಗಾಯಿ, ಚಪಾತಿ ಮಾಡಿದ್ದಳು. ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲೂ ಗಂಡನ ಹೆಸರು ಬಾಯಿಬಿಟ್ಟು ಹೇಳದೆ ಚೀಟಿಯಲ್ಲಿ ಬರೆದುಕೊಡುವ ಹೆಂಗಸು ಆಕೆ. ಟ್ರೆಂಟ್ ಅವಳನ್ನು ಬಂದೊಡನೆ ‘ಮಾಮ್’ ಎಂದು ಕರೆದು ನಗಿಸಿದ. ಮಿಕ್ಕೊ ಬಾಗಿಲಲ್ಲೇ ಶೂ ಕಳಚಿಟ್ಟು ಮೂಲೆ ಹಿಡಿದು ಕುಳಿತ. ಸಂಹಿತಾ ಎಲ್ಲರೊಡನೆ ಇಂಗ್ಲಿಷ್ ಆಡುವವಳು. ಅಡುಗೆಮನೆಯಲ್ಲಿ ತಾಯಿಯೊಡನೆ ಮಾತ್ರ, ತಾಯಿಯಿಂದ ಕಲಿತ ಕನ್ನಡ.

“ಟ್ರೆಂಟ್‌ಗ ಇನ್ನೊಂದು ಚಪಾತಿ ಕೊಡು ಅಮ್ಮಾ, ಅಂವ ಎಷ್ಟ ಹಾಕಿದ್ರೂ ತಿಂತಾನ. ಮಿಕ್ಕೊಗ ಮೊಸರು ಕೊಡು. ಅವರಿಗೆ ಖಾರ ತಡಿಯೂದಿಲ್ಲ.”

ಹೊರಗೆ ಕುಳಿತ ಸತ್ಯಪ್ರಕಾಶನಿಗೆ ಅಷ್ಟು ಸಾಕಾಯಿತು. ಟ್ರೆಂಟ್ ಎಂದರೆ ‘ಅಂವ’. ಮಿಕ್ಕೊ ಎಂದರೆ ‘ಅವರು’. ಕನ್ನಡದವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಬಹುವಚನ ಹೊರಗಿನವರಿಗೆ, ಏಕವಚನ ಒಳಗಿನವರಿಗೆ. ಹೆತ್ತವ್ವನನ್ನೂ ದೇವರನ್ನೂ ನಾವು ಏಕವಚನದಲ್ಲೇ ಕರೆಯುವುದು. ಆ ಕೆನಡಾದವನು ಆಗಲೇ ಏಕವಚನದ ತನಕ ಬಂದುಬಿಟ್ಟಿದ್ದಾನೆ!

ಇತ್ತ ಪಂದ್ಯ ಶುರುವಾಯಿತು. ಮಿಕ್ಕೊ ಕೋಟು ಹಾಕಿಕೊಂಡು ಪ್ರೇಕ್ಷಕರ ನಡುವೆ ಕುಳಿತ. ಮೊದಲೆರಡು ಅವಧಿ ಟ್ರೆಂಟ್‌ಗೆ ಏನೂ ದಕ್ಕಲಿಲ್ಲ. ಜೊತೆಗಾರನಿಲ್ಲದೆ ಅವನ ಪಾಸುಗಳು ದಿಕ್ಕು ತಪ್ಪುತ್ತಿದ್ದವು. ಮಾಡಿದ ಪಾಪವೂ ವ್ಯರ್ಥವಾಗುತ್ತದೇನೋ ಎಂದು ಸತ್ಯಪ್ರಕಾಶ ಬೆಂಚಿನ ಹಿಂದೆ ನಿಂತು ಬೆವರಿದ, ಅದೂ ಆ ಚಳಿಯಲ್ಲಿ. ಕೊನೆಗೂ ಗೋಲಿನ ಹಿಂದಿನಿಂದ ಟ್ರೆಂಟ್ ತಳ್ಳಿದ ಪಾಸನ್ನು ಮತ್ತೊಬ್ಬ ಒಳಗೆ ಹೊಡೆದ. ಒಂದು ಅಂಕ. ಕಿರೀಟ ಟ್ರೆಂಟ್‌ನದಾಯಿತು.

ಜನ ಎದ್ದು ಕೂಗಿದರು. ಸಂಹಿತಾ ಮಾತ್ರ ಮೆಟ್ಟಿಲ ಬಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು. ಸತ್ಯಪ್ರಕಾಶ ಅತ್ತ ನೋಡಲಾರದೆ ಮುಖ ತಿರುಗಿಸಿದ. ಮಿಕ್ಕೊನ ಅನ್ನ ಕಸಿದೆ, ಮಗಳನ್ನು ಅಳಿಸಿದೆ. ಆದರೂ ಇಂಥ ಅಳು ಒಂದು ಚಳಿಗಾಲದಲ್ಲಿ ಒಣಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಟ್ರೆಂಟ್ ಜರ್ಮನಿಯ ಕರಾರಿಗೆ ಸಹಿ ಹಾಕಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಸತ್ಯಪ್ರಕಾಶ ಆ ಸಾವಿರ ವರ್ಷದ ಆಯಸ್ಸು ಹೊತ್ತುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ. ಬಾಗಿಲು ತೆರೆದಾಗ ಹೆಂಡತಿ ಗೆಳತಿಯೊಡನೆ ಫೋನಿನಲ್ಲಿದ್ದಳು.

“ಇಡ್ತೀನಿ ಗುರುದೇವಿ, ಅವರು ಬಂದ್ರು.”

ಅಷ್ಟರಲ್ಲಿ ಸಂಹಿತಾ ಮಹಡಿಯಿಂದ ಓಡಿ ಬಂದು, ಹುಟ್ಟಿದಾಗಿನಿಂದ ಮಾಡದಿದ್ದುದನ್ನು ಮಾಡಿದಳು. ಬಗ್ಗಿ ಅಪ್ಪನ ಕಾಲು ಮುಟ್ಟಿದಳು. ಎದ್ದಾಗ ಕಣ್ಣು ತುಂಬಿತ್ತು, ಮುಖದ ತುಂಬ ನಗು, ಬಾಯಲ್ಲಿ ತಾಯಿಯ ಕನ್ನಡ.

“ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ ಅಂತ ನನಗ ಗೊತ್ತದ, ಅಪ್ಪಾ. ನನ್ನ ಸಲುವಾಗಿ ಸುಳ್ಳು ಹೇಳಿದ್ರಿ. ಇನ್ನ ಅವರು ಎಲ್ಲೂ ಹೋಗೂದಿಲ್ಲ.”