ಟೀಚರಮ್ಮ ಮನೆಯಲ್ಲಿ ಉಳಿದ ದಿನ

ಸೊಸೆ ಊರಿನ ಅಂಗನವಾಡಿಯ ಟೀಚರು. ಮಾವನಿಗೆ ಅದು ಸೇರದು.

“ಮಗು ಹೆತ್ತವಳು ಮನೇಲಿರ್ಬೇಕು ಕಣಮ್ಮ. ಹೊಟ್ಟೆಗೆ ಬಟ್ಟೆಗೆ ಇಲ್ಲೇನು ಕಡಿಮೆ ಆಗಿದೆ? ಊರವರ ಮಕ್ಕಳ ಮೂಗು ಒರೆಸೋಕೆ ನಮ್ಮನೆ ಸೊಸೇನೇ ಆಗ್ಬೇಕಾ?”

“ಹೊಟ್ಟೆ ಬಟ್ಟೆಗಲ್ಲ ಮಾವ. ನಂಗೆ ಆ ಕೆಲಸ ಇಷ್ಟ. ಮಗೂನೂ ಅಲ್ಲಿ ನನ್ನ ಜೊತೇಲೇ ಇರುತ್ತಲ್ಲ.”

“ಎದುರು ಮಾತಾಡ್ಬೇಡ. ನಾಳೆಯಿಂದ ಹೋಗೋ ಹಾಗಿಲ್ಲ.”

ಸೊಸೆ ಅವರನ್ನೇ ನೋಡಿದಳು. “ಸರಿ, ನಾಳೆ ಅಂಗನವಾಡಿ ಬಾಗಿಲು ತೆಗೆಯಲ್ಲ. ಯಾಕೆ ಅಂತ ಕೇಳಿದವರಿಗೆ ನೀವು ಹೇಳಿದ್ದನ್ನೇ ಹೇಳ್ತೀನಿ.”

“ಧಾರಾಳವಾಗಿ ಹೇಳು.”

ಮರುದಿನ ಮಾವನ ತೋಟದಲ್ಲಿ ಟೊಮ್ಯಾಟೊ ಬಿಡಿಸಲು ಒಬ್ಬ ಹೆಂಗಸೂ ಬರಲಿಲ್ಲ. ಸಂಜೆ ಲಾರಿ ಬರುವುದಿತ್ತು. ಹಣ್ಣು ಗಿಡದಲ್ಲೇ ಬಿರಿಯುತ್ತಿತ್ತು. ಅವರು ಕೂಲಿಯವರ ಕೇರಿಗೆ ಧಾವಿಸಿದರು. ಅಲ್ಲಿ ಹೆಂಗಸರೆಲ್ಲ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ತಲೆ ಬಾಚುತ್ತ ಹರಟುತ್ತಿದ್ದರು.

“ಏನ್ರಮ್ಮ, ಇವತ್ತೇನು ಹಬ್ಬಾನಾ? ಏಳ್ರಿ! ಬೇಕಾದ್ರೆ ಕೂಲಿ ಜಾಸ್ತಿ ಕೊಡ್ತೀನಿ.”

ಯಾರೂ ಏಳಲಿಲ್ಲ.

“ಕೂಲಿ ಮಾತಲ್ಲ ಯಜಮಾನ್ರೇ,” ಎಂದಳು ಒಬ್ಬಳು. “ಟೀಚರಮ್ಮನ್ನ ನೀವು ಮನೇಲಿ ಕೂರಿಸಿದ್ರಿ. ನಾವು ತೋಟಕ್ಕೆ ಬಂದ್ರೆ ಈ ಮಕ್ಕಳನ್ನ ಯಾರು ನೋಡ್ಕೋತಾರೆ?”

“ಅದಕ್ಕೆ ನಾನೇನು ಮಾಡ್ಲಿ?”

ಅವಳು ಎದ್ದು ಬಂದು, ಕಂಕುಳಲ್ಲಿದ್ದ ಕೂಸನ್ನು ಅವರ ತೋಳಿಗೆ ದಾಟಿಸಿದಳು.

“ಭದ್ರವಾಗಿ ಹಿಡ್ಕೊಳ್ಳಿ. ಉಳಿದವರೂ ಒಬ್ಬೊಬ್ಬರಾಗಿ ತಂದುಕೊಡ್ತಾರೆ.”